ಬೀಗರ ತೋಟದ ವೈನು

ಬೀಗರು ತಂದ ಪದಾರ್ಥ ಹೇಗಿತ್ತು ಎಂದು ಕೇಳಿದರೆ ‘ಬಹಳ ಚೆನ್ನಾಗಿತ್ತು’ ಎನ್ನಬೇಕು. ಅದಕ್ಕಾಗಿ ಅದನ್ನು ತಿಂದಿರಲೇಬೇಕೆಂಬ ನಿಯಮವೇನಿಲ್ಲ. ಈ ಧೈರ್ಯದ ಮೇಲೆಯೇ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಆದರೆ ಮಗಳು ಚೈತ್ರಳ ಮಾವ ಮುನಿಶಾಮಣ್ಣನವರು ದೊಡ್ಡಬಳ್ಳಾಪುರದ ಕಡೆಯಿಂದ ಗಿರಿನಗರದ ನಮ್ಮ ಮನೆಗೆ ತಂದದ್ದು ಹಲಸಿನ ಹಣ್ಣಲ್ಲ, ಅವರೆಕಾಯಿಯೂ ಅಲ್ಲ. ಒಂದು ಬಾಟಲಿ ಕೆಂಪು ವೈನು. ಅವರ ತೋಟದ ದ್ರಾಕ್ಷಿ ಕೊಳ್ಳುವ ಕಂಪನಿಯವರು, ತಮ್ಮ ಅತ್ಯುತ್ತಮ ವೈನನ್ನು ಆ ಹಣ್ಣಿನಿಂದಲೇ ಮಾಡಿದ್ದೇವೆಂದು ಹೇಳಿ ಕೊಟ್ಟದ್ದಂತೆ. “ಮುಂದಿನ ಭಾನ್ವಾರ ಊಟಕ್ಕೆ ಬತ್ತೀನಲ್ಲ ಬೀಗರೇ, ಅಷ್ಟೊತ್ಗೆ ಹೆಂಗೈತೆ ಅಂತ ಹೇಳ್ಬೇಕು” ಎಂದು ಹೊರಟುಬಿಟ್ಟರು.

ಕಾಫಿಗಿಂತ ಗಟ್ಟಿಯಾದದ್ದನ್ನು ಕುಡಿದವರು ನಮ್ಮ ವಂಶದಲ್ಲಿಲ್ಲ. ಅದನ್ನು ಇಡುವುದಾದರೂ ಎಲ್ಲಿ? ದೇವರ ಗೂಡು ಅಡುಗೆಮನೆಯಲ್ಲೇ ಇದೆ. ಫ್ರಿಜ್ಜಿನಲ್ಲಿಟ್ಟರೆ ಮೊಸರಿಗೆ ಮೈಲಿಗೆ. ಕೊನೆಗೆ ನನ್ನ ಹೆಂಡತಿ ಸರೋಜ ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಮಲಗಿಸಿದಳು. ಒಳ್ಳೆಯ ವೈನನ್ನು ಕತ್ತಲಲ್ಲಿ, ತಂಪಾಗಿ, ಅಡ್ಡ ಮಲಗಿಸಿಯೇ ಇಡಬೇಕೆಂದು ಆಮೇಲೆ ಚೈತ್ರ ಹೇಳಿದಳು. ಅಂತೂ ನಮ್ಮ ಮಡಿಯಿಂದ ವೈನಿಗೂ ಒಳ್ಳೆಯದೇ ಆಯಿತು. ನಾನು ಆಗಾಗ ಹೋಗಿ ಬಾಟಲಿಯ ಬೆನ್ನು ಓದಿ ಬರುತ್ತಿದ್ದೆ. ಮಾಗಿದ ನೇರಳೆ, ಕರಿಮೆಣಸು, ಲವಂಗ ಎಂದೆಲ್ಲ ಇತ್ತು. ಅರ್ಧಕ್ಕರ್ಧ ಸಾರಿನ ಪುಡಿಯ ಪ್ಯಾಕೆಟ್ಟಿನಂತೆಯೇ ಇತ್ತು.

ಭಾನುವಾರ ಚೈತ್ರಳ ಜೊತೆ ಬಂದ ಬೀಗರು ಚಪ್ಪಲಿ ಬಿಡುವಾಗಲೇ “ಹೆಂಗಿತ್ತು?” ಎಂದರು. ‘ಬಹಳ ಚೆನ್ನಾಗಿತ್ತು’ ಎಂದೆ. “ಏನೇನ್ ರುಚಿ ಬಂತು, ವಸಿ ಬುಡ್ಸಿ ಹೇಳಿ” ಎಂದರು. ಸಿಕ್ಕಿಬಿದ್ದೆ. ಇನ್ನೂ ತೆರೆದಿಲ್ಲ ಎಂದು ಒಪ್ಪಿಕೊಂಡಾಗ ಅವರ ಮುಖ ಸಣ್ಣದಾಯಿತು.

“ನೀವೇ ರುಚಿ ನೋಡಿಲ್ವೇ?” ಎಂದು ಕೇಳಿದೆ.

“ಇಲ್ಲ ಬೀಗರೇ. ನಮ್ಮಪ್ಪ ಕುಡ್ದೂ ಕುಡ್ದೂನೇ ಹೋದ್ರು. ಮುಟ್ಟಾಕಿಲ್ಲ ಅಂತ ಅವ್ವನ್ ಕೈಮ್ಯಾಗೆ ಆಣೆ ಮಾಡಿವ್ನಿ. ಆ ಬಳ್ಳಿಗಳನ್ನ ಮಕ್ಕಳಂಗೆ ಸಾಕ್ದೆ, ಅವು ಏನಾದ್ವು ಅಂತ ನಂಗೇ ಗೊತ್ತಿಲ್ಲ. ನಿಮ್ ಬಾಯಲ್ಲಾದ್ರೂ ಕೇಳಾಣ ಅಂತ.”

ಸರೋಜ ಹೋಗಿ ಬೀರುವಿನಿಂದ ಬಾಟಲಿ ತಂದಳು.

ಚೈತ್ರ ಬಿರಡೆ ತೆಗೆದು ಸ್ಟೀಲಿನ ಲೋಟಕ್ಕೆ ಬಗ್ಗಿಸಿದಳು. ಲೋಟ ಎಂಜಲಾಗಬಾರದು ಎಂದು ಅಮ್ಮ ಚಿಕ್ಕಂದಿನಲ್ಲಿ ಕಲಿಸಿದ್ದಂತೆ ನಾನು ತಲೆಯೆತ್ತಿ, ತುಟಿ ಸೋಕಿಸದೆ, ಮೇಲಿನಿಂದ ಸುರಿದುಕೊಂಡೆ. ಅರ್ಧ ಮೂಗಿಗೆ, ಉಳಿದದ್ದು ಬಿಳಿ ಷರ್ಟಿಗೆ. “ಅಯ್ಯೋ ಅಪ್ಪಾ, ತೀರ್ಥ ಅಲ್ಲ ಅದು! ಮೊದ್ಲು ವಾಸ್ನೆ ನೋಡು, ಆಮೇಲೆ ತುಟಿ ಇಟ್ಟು ಕುಡಿ” ಎಂದು ಅವಳು ಮತ್ತಷ್ಟು ಬಗ್ಗಿಸಿದಳು.

ತುಟಿ ಇಟ್ಟೆ. ಮೊದಲು ಹುಳಿ. ಆಮೇಲೆ ನೇರಳೆ ಹಣ್ಣಿನ ಒಗರು ನಾಲಿಗೆಯನ್ನು ಹಿಡಿಯಿತು. ಇಷ್ಟೇ ಎಂದುಕೊಳ್ಳುವಾಗ ಮೆಣಸಿನ ಬಿಸಿ ಗಂಟಲಿನಲ್ಲಿ ನಿಧಾನವಾಗಿ ಹರಡಿತು. ‘ಬರ್ತೀನಿ’ ಎಂದ ಮೇಲೂ ಗೇಟಿನ ಹತ್ತಿರ ಮಾತಾಡುತ್ತ ನಿಲ್ಲುವ ನೆಂಟರಂತೆ, ರುಚಿ ಹೋಗುವ ಹಾಗೆ ಮಾಡಿ ಹೋಗದೆ ನಿಂತಿತು. ನನ್ನ ಸಿದ್ಧ ಉತ್ತರ ಮರೆತೇಹೋಗಿ, ಇದನ್ನೆಲ್ಲ ಹೀಗೆಯೇ ಹೇಳಿಬಿಟ್ಟೆ.

ಬೀಗರು ರೆಪ್ಪೆ ಮಿಟುಕಿಸದೆ ಕೇಳಿಸಿಕೊಂಡರು. “ಆ ಸಲ ಮಳೆ ಕಮ್ಮಿ ಆಗಿ ಹಣ್ಣು ಸಣ್ಣಕ್ ಬಂದಿತ್ತು. ಹೆದ್ರುಕೊಂಡಿದ್ದೆ. ಕೆಟ್ಟಿಲ್ಲ ಅಲ್ವಾ?”

“ಕೆಟ್ಟಿಲ್ಲ ಬೀಗರೇ. ಸೊಗಸಾಗಿದೆ.”

ಅವರು ಟವೆಲಿನಿಂದ ಕಣ್ಣೊರೆಸಿಕೊಂಡು, ಎಲೆಯ ಮುಂದೆ ಕೂತು ಒಬ್ಬಟ್ಟನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡರು.

ಅವರೆಲ್ಲ ಹೊರಟ ಮೇಲೆ ಸರೋಜ ಷರ್ಟು ನೆನೆಹಾಕುತ್ತ ಕೇಳಿದಳು: “ಮೊದಲ್ನೇ ಲೋಟ ಬೀಗರ ಮನಸ್ಸು ನೋಯ್ಬಾರ್ದು ಅಂತ ಕುಡಿದ್ರಿ, ಸರಿ. ಊಟ ಆದ್ಮೇಲೆ ಇನ್ನೊಂದು ಲೋಟ ಬಗ್ಗಿಸ್ಕೊಂಡ್ರಲ್ಲ, ಅದು ಯಾರ ಮನಸ್ಸಿಗೆ?”

ನನ್ನ ಪರವಾಗಿ ಮಾತಾಡಬೇಕಿದ್ದ ಬೀಗರು ಆಗಲೇ ಬನಶಂಕರಿಯಲ್ಲಿ ಮೆಟ್ರೊ ಹತ್ತಿಬಿಟ್ಟಿದ್ದರು.