ಮಂಗಳ ಹಾಡದ ಕಂಪ್ಯೂಟರು

"ಬನ್ನಿ ಓಂಕಾರಮ್ಮಕ್ಕ, ಮುಂದಿನ ಸಾಲಲ್ಲೇ ಕೂತ್ಕೊಳ್ಳಿ! ಇವತ್ತು ಹೊಸದುರ್ಗದ ಹೊಸ ಯಂತ್ರಗಳೆಲ್ಲ ನಮ್ಮ ಅಜ್ಜನ ಕಾಲಿಗೆ ಬೀಳ್ತವೆ!"

ಹೀಗೆ ನನ್ನನ್ನು ಬರಮಾಡಿಕೊಂಡವರು ಪಕ್ಕದ ಮನೆಯ ತಿಪ್ಪೇಶಣ್ಣ. ಮುಂದಿನ ಸಾಲು ಅಂದರೆ ಒಂದು ಸ್ಟೂಲು. ಹಿಂದಿನ ಸಾಲು ಇರಲಿಲ್ಲ. ಅಜ್ಜ ಅಂದರೆ ಅವರ ಹಳೇ ಕಂಪ್ಯೂಟರು.

ಅವರು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಕಾಲದಲ್ಲಿ ತಂದದ್ದು ಅದು. ನೋಡಲು ಬರೀ ಕೀಲಿಮಣೆ, ಮಿದುಳೂ ಅದರೊಳಗೇ. ಟಿವಿಗೆ ಸಿಕ್ಕಿಸಿದರೆ ಅಕ್ಷರ ಮೂಡುತ್ತಿತ್ತು. ಕಲಿತದ್ದು ನೆನಪಿರಬೇಕಾದರೆ ಮಾತ್ರ ಟೇಪ್‌ರೆಕಾರ್ಡರಿನ ಕ್ಯಾಸೆಟ್ಟಿಗೆ ತುಂಬಿಡಬೇಕು. ಅದಕ್ಕೆ ಪಾಠ ಹೇಳಲೆಂದೇ ತಿಂಗಳು ತಿಂಗಳು ಕಂಪ್ಯೂಟರ್ ಪತ್ರಿಕೆಗಳು ಬರುತ್ತಿದ್ದವು. ಪುಟಗಟ್ಟಲೆ ಅಚ್ಚಾದ ಆಜ್ಞೆಗಳನ್ನು ಒಬ್ಬರು ಓದಬೇಕು, ಒಬ್ಬರು ಒತ್ತಬೇಕು. ಮಧ್ಯಾಹ್ನವೆಲ್ಲ ಒತ್ತಿದ ಮೇಲೆ ಟಿವಿಯಲ್ಲಿ ಒಂದು ಚುಕ್ಕಿ ಆ ಕಡೆಯಿಂದ ಈ ಕಡೆಗೆ ಜಿಗಿಯುತ್ತಿತ್ತು! ಅದನ್ನು ನೋಡಲು ಇಡೀ ಬೀದಿ ಕಿಟಕಿಗೆ ಜೋತುಬಿದ್ದದ್ದನ್ನು ನಾನೇ ಕಂಡಿದ್ದೇನೆ. ಶಿವ ಶಿವಾ, ಒಂದು ಚುಕ್ಕಿಗೆ ಎಂಥ ಚಪ್ಪಾಳೆ!

ಆ ಕಂಪ್ಯೂಟರಿಗೂ, ಸೂರು ಮುಟ್ಟುವಂತೆ ಒಟ್ಟಿದ್ದ ಪತ್ರಿಕೆಗಳಿಗೂ ಅಂದು ಗಂಡಾಂತರ ಬಂದಿತ್ತು. ತಿಪ್ಪೇಶಣ್ಣನ ಹೆಂಡತಿ ಗಿರಿಜಾ ಶೇಂಗಾ ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಕೊಡುತ್ತಾಳೆ. ಅಡುಗೆಮನೆ ಸಾಲದಾಗಿ ಇವೆಲ್ಲ ತುಂಬಿದ್ದ ಕೋಣೆ ಬೇಕಾಗಿತ್ತು. ಹಳೇ ಪೇಪರ್ ಕೊಳ್ಳುವ ಸಾದಿಕನಿಗೆ ಹೇಳಿಕಳಿಸಿದ್ದಳು. ಅವನು ಬ್ಯಾಟರಿ ತಕ್ಕಡಿ ಸಮೇತ ಪಡಸಾಲೆಗೇ ಬಂದು ನಿಂತಿದ್ದ.

"ಒಂದೇ ಒಂದು ಉಪಯೋಗದ ಕೆಲಸ ಮಾಡಿ ತೋರಿಸಲಿ, ಉಳೀಲಿ," ಅಂದಳು ಗಿರಿಜಾ. "ಇಲ್ಲಾಂದ್ರೆ ಎಲ್ಲಾ ತೂಕಕ್ಕೆ!"

"ಹಳೇದೆಲ್ಲ ತೂಕಕ್ಕಾ? ಹಂಗಾದ್ರೆ ಮೊದಲು ನನ್ನನ್ನೇ ತೂಗು!"

ತಿಪ್ಪೇಶಣ್ಣ ಹೋಗಿ ತಕ್ಕಡಿಯ ಮೇಲೆ ಪದ್ಮಾಸನ ಹಾಕಿ ಕೂತುಬಿಟ್ಟರು.

"ಇಳೀರಿ ಸಾರ್, ತಕ್ಕಡಿ ಕೆಟ್ಟೋಗುತ್ತೆ," ಸಾದಿಕ್ ಗೋಗರೆದ.

"ಇಳಿಸಬೇಡ ಸಾದಿಕಾ, ಎಷ್ಟು ಬರ್ತದೆ ನೋಡು," ಅಂದಳು ಗಿರಿಜಾ.

ಬೆಲೆ ಕುದುರುವ ಮೊದಲೇ ತಿಪ್ಪೇಶಣ್ಣ ತಾವಾಗಿ ಇಳಿದರು. ಟಿವಿಯ ಮೇಲೆ ಬಟ್ಟೆ ಕಿತ್ತ ಕೊಡೆಯೊಂದು ಕಡ್ಡಿ ಚಾಚಿಕೊಂಡು ನಿಂತಿತ್ತು. ಅದರಿಂದ ಹೊರಟ ತಂತಿ ಒಂದು ತಗಡಿನ ಡಬ್ಬಿಗೂ, ಡಬ್ಬಿಯಿಂದ ಅಜ್ಜನಿಗೂ ಸೇರಿತ್ತು.

"ನೋಡಕ್ಕ, ಈಗಿನ ಮಿಕ್ಸಿ, ವಾಷಿಂಗ್ ಮೆಷಿನ್ನು, ಮೊಬೈಲು, ಎಲ್ಲದರ ಹೊಟ್ಟೇಲೂ ಒಂದೊಂದು ಕಂಪ್ಯೂಟರಿದೆ. ಎಲ್ಲಾ ಈ ಅಜ್ಜನ ಮೊಮ್ಮಕ್ಕಳು! ಅಜ್ಜ ಕರೆದರೆ ಮೊಮ್ಮಕ್ಕಳು ಓಗೊಡಲ್ವಾ? ಈ ಡಬ್ಬಿ ಇದೆಯಲ್ಲ, ಕ್ಯಾಸೆಟ್ಟಲ್ಲಿ ಏನಿದೆಯೋ ಅದನ್ನೆಲ್ಲ ಅರ್ಥ ಮಾಡ್ಕೊಂಡು ಅಜ್ಜನಿಗೆ ಹೇಳುತ್ತೆ. ಅಜ್ಜ ಕೊಡೆ ಮೂಲಕ ಕರೀತಾನೆ. ಗಿರಿಜಾ, ಮಿಕ್ಸಿಗೆ ಶೇಂಗಾ ಹಾಕಿ ದೂರ ನಿಲ್ಲು. ಗುಂಡಿ ಮುಟ್ಟಿದರೆ ನನ್ನಾಣೆ!"

ಟೇಪ್‌ರೆಕಾರ್ಡರ್ ಒತ್ತಿದರು. ಪ್ರೋಗ್ರಾಮಿನ ಕೀರಲು ಸದ್ದು ಬರಬೇಕಿತ್ತು. ಬಂದದ್ದು ನನ್ನ ದನಿ!

"ಏಳಿರಣ್ಣ ಏಳಿರಕ್ಕ, ಗುರುವು ಬಂದ ಬಾಗಿಲಿಗೆ..."

"ತಿಪ್ಪೇಶಣ್ಣಾ! ಇದು ನಮ್ಮ ಭಜನಾ ಮಂಡಳಿ ಕ್ಯಾಸೆಟ್ಟಲ್ವಾ? ಕೇಳಿ ಕೊಡ್ತೀನಿ ಅಂತ ಒಯ್ದಿರಿ!"

"ಕೇಳ್ತಾನೇ ಇದ್ದೀನಲ್ಲಕ್ಕ! ಈಗ ಖಾಲಿ ಕ್ಯಾಸೆಟ್ ಎಲ್ಲಿ ಸಿಗ್ತದೆ ಹೇಳಿ? ಒಂದು ಮೂಲೇಲಿ ನಮ್ಮ ಪ್ರೋಗ್ರಾಮಿಗೂ ಜಾಗ ಮಾಡ್ಕೊಂಡೆ, ಅಷ್ಟೇ."

ಭಜನೆ ಮುಗಿದು, ಕೀಯ್ ಗರ್ರ್ ಅಂತ ಪ್ರೋಗ್ರಾಮು ಓಡಿ, ಕ್ಯಾಸೆಟ್ಟು ಟಕ್ಕೆಂದು ನಿಂತಿತು. ಆಮೇಲೆ ಅಜ್ಜ ತನ್ನ ಸಣ್ಣ ಗಂಟಲಲ್ಲಿ ಪೀಂ ಪೀಂ ಅಂತ ಶುರುಮಾಡಿದ. ಅದೇ ಧಾಟಿ! ಏಳಿರಣ್ಣ ಏಳಿರಕ್ಕ!

ಅಡುಗೆಮನೆಯಿಂದ ಮಿಕ್ಸಿ ಘುರ್ ಘುರ್ ಅಂತ ಅದನ್ನೇ ತಿರುಗಿ ಹೇಳಿತು.

ಭಜನೆ ಅಂದರೆ ಹಾಗೇ ತಾನೆ? ಮುಂದಿನವರು ಒಂದು ಸಾಲು ಹೇಳಿಕೊಡಬೇಕು, ಹಿಂದಿನವರು ತಿರುಗಿ ಹೇಳಬೇಕು. ನನಗಂತೂ ಮೈ ಜುಮ್ಮೆಂದಿತು.

"ಓಗೊಡ್ತು! ಓಗೊಡ್ತು!" ತಿಪ್ಪೇಶಣ್ಣ ಕುಣಿದರು.

ಎರಡನೇ ಸಾಲಿಗೆ ವಾಷಿಂಗ್ ಮೆಷಿನ್ನು ಬಚ್ಚಲಿಂದ ಗುಡುಗುಡು ಕುಲುಕುತ್ತ ಪಡಸಾಲೆಗೆ ಬಂದು ಮಿಕ್ಸಿಯ ದನಿಗೆ ದನಿ ಸೇರಿಸಿತು. ಮೂರನೆಯದಕ್ಕೆ ಬೀದಿಯ ಮೊಬೈಲುಗಳೆಲ್ಲ ಒಟ್ಟಿಗೆ ಕಂಠ ಕೂಡಿಸಿದವು. ಸಾದಿಕನ ತಕ್ಕಡಿಯೂ ಕುಂಯ್ ಕುಂಯ್ ಅಂದಿತು. ಎದುರು ಮನೆಯ ನಿವೃತ್ತ ತಹಸೀಲ್ದಾರ್ ಪಂಚಾಕ್ಷರಪ್ಪನವರ ಹೊಸ ಕಾರು ಹಾರನ್ನಿನಲ್ಲಿ ಹಾಡುತ್ತ, ವೈಪರಿನಲ್ಲಿ ತಾಳ ಹಾಕತೊಡಗಿತು. ಅವರು ಅರ್ಧ ಕ್ಷೌರ ಮಾಡಿಕೊಂಡ ಮುಖದಲ್ಲೇ ಓಡಿಬಂದರು. ಕೈಯಲ್ಲಿದ್ದ ಶೇವಿಂಗ್ ಮೆಷಿನ್ನು ಝೇಂಕಾರ ಎಳೆಯುತ್ತಿತ್ತು.

"ಏನ್ರೀ ತಿಪ್ಪೇಶಿ ಇದು? ಕಾರಿನ ಬಾಗಿಲು ತೆಗೆದರೆ, ಭಜನೆ ಮಧ್ಯೆ ಎದ್ದು ಹೋಗಬಾರದು ಅನ್ನೋ ಹಂಗೆ ಮತ್ತೆ ಹಾಕ್ಕೊಳ್ತದೆ!"

"ಸಂಸ್ಕಾರ ಸಾರ್, ಸಂಸ್ಕಾರ! ನಿಮ್ಮ ಕಂಪನಿಯೋರು ಕೊಟ್ಟಿರಲಿಲ್ಲ, ನಮ್ಮ ಅಜ್ಜ ಕೊಟ್ಟ!"

"ನಿಲ್ಲಿಸ್ರೀ ಅದನ್ನ!" ಗಿರಿಜಾ ಕಿವಿ ಮುಚ್ಚಿಕೊಂಡು ಕೂಗಿದಳು.

"ನಿಲ್ಲಿಸಲ್ಲ! ನೀನು ಕೇಳಿದ್ದು ಒಂದು ಕೆಲಸ. ಅಜ್ಜ ಇಡೀ ಬೀದಿಯನ್ನೇ ಆಳ್ತಿದ್ದಾನೆ!"

ಗಿರಿಜಾ ಹೋಗಿ ಪ್ಲಗ್ಗನ್ನೇ ಕಿತ್ತಳು. ಟಿವಿ ಆರಿತು, ಅಜ್ಜ ಆರಲಿಲ್ಲ. ಅವನಿಗೆ ಸ್ಕೂಟರ್ ಬ್ಯಾಟರಿ ಕಟ್ಟಿತ್ತು. ಅದನ್ನೂ ಕಿತ್ತಳು. ಅಜ್ಜ ಸುಮ್ಮನಾದ. ಆದರೆ ಸಾಲು ಹೇಳಿಕೊಡುವ ಜವಾಬ್ದಾರಿಯನ್ನು ಪಂಚಾಕ್ಷರಪ್ಪನವರ ಕಾರು ವಹಿಸಿಕೊಂಡಿತು. ಅದರ ಗಂಟಲು ಅಜ್ಜನದಕ್ಕಿಂತ ನೂರು ಪಾಲು ಜೋರು!

ಕೊನೇ ಹಾಡು ಮುಗಿದು ಮತ್ತೆ ಮೊದಲ ಹಾಡು ಬಂತು. ಅದೂ ಮುಗಿದು ಸುತ್ತಿ ಬಂತು. ಆಗ ನನಗೆ ಹೊಳೆಯಿತು.

"ತಿಪ್ಪೇಶಣ್ಣ, ಕ್ಯಾಸೆಟ್ಟಿನ ಯಾವ ಮೂಲೇಲಿ ಜಾಗ ಮಾಡ್ಕೊಂಡಿರಿ?"

"ಕೊನೇಲಿ. ಅಲ್ಲಿ ಬರೀ ಮಂಗಳ ಇತ್ತಕ್ಕ. ಹಾಡೆಲ್ಲ ಮುಗಿದ ಮೇಲೆ ಅದ್ಯಾಕೆ ಅಂತ ಅದರ ಮೇಲೇ..."

"ಬರೀ ಮಂಗಳವಾ? ಅಯ್ಯೋ ಪುಣ್ಯಾತ್ಮ! ಮಂಗಳ ಹಾಡದೆ ಭಜನೆ ನಿಲ್ಲಿಸೋ ಪದ್ಧತಿ ಎಲ್ಲಾದ್ರೂ ಉಂಟಾ? ಪಾಪ, ಅವು ಮಂಗಳ ಕೇಳೋವರೆಗೂ ಹಾಡ್ತಾನೇ ಇರ್ತವೆ. ಹಾಕಿ ಬ್ಯಾಟರಿ! ಟೇಪ್‌ರೆಕಾರ್ಡರಿನ ಮೈಕು ಡಬ್ಬಿಗೆ ಸಿಕ್ಕಿಸಿ ಕೊಡಿ!"

ಕೈಮುಗಿದು, ಕಣ್ಣುಮುಚ್ಚಿ, ತಂದೆಯಿಂದ ಕಲಿತಂತೆ ನಿಧಾನವಾಗಿ ಮಂಗಳ ಹಾಡಿದೆ. ಡಬ್ಬಿ ಅರ್ಥಮಾಡಿಕೊಂಡಿತು. ಅಜ್ಜ ಮೊಮ್ಮಕ್ಕಳಿಗೆ ಹೇಳಿದ. ಮಿಕ್ಸಿ ಮೆಲ್ಲಗೆ ನಿಂತಿತು. ಕಾರು ಕೊನೆಯ ಸ್ವರ ಎಳೆದು ಬಿಟ್ಟಿತು. ಬೀದಿ ಶಾಂತವಾಯಿತು.

ಎಲ್ಲರೂ ಉಸ್ಸೆನ್ನುವಷ್ಟರಲ್ಲಿ ಚಟ್, ಪಟ್, ಟಪ್ ಅಂತ ಸದ್ದು. ವಾಷಿಂಗ್ ಮೆಷಿನ್ನಿನ ಮುಚ್ಚಳ ತೆರೆದುಕೊಂಡಿತು. ಫ್ರಿಜ್ಜಿನ ಬಾಗಿಲು ತೆರೆದುಕೊಂಡಿತು. ಮಿಕ್ಸಿ ಮುಚ್ಚಳ ಹಾರಿಸಿಕೊಂಡಿತು. ಕಾರು ಡಿಕ್ಕಿ ಎತ್ತಿ ನಿಂತಿತು. ಗಿರಿಜಾ ಮುಚ್ಚಿದರೆ ಮತ್ತೆ ತೆರೆದವು!

"ಇನ್ನೇನಂತೆ ಇವಕ್ಕೆ?" ಅವಳಿಗೆ ಅಳುವೇ ಬಂತು.

"ಮಂಗಳ ಆದಮೇಲೆ ಏನು ಕೊಡ್ತಾರಮ್ಮ?" ಅಂದೆ. "ಪ್ರಸಾದ!"

ಗಿರಿಜಾ ಮಂಡಕ್ಕಿ, ಪುಟಾಣಿ, ಸಕ್ಕರೆ ಕಲಸಿ ತಂದಳು. ವಾಷಿಂಗ್ ಮೆಷಿನ್ನಿಗೆ ಒಂದು ಚಿಟಿಕೆ ಹಾಕಿದಳು. ಮುಚ್ಚಳ ವಿನಯದಿಂದ ಮುಚ್ಚಿಕೊಂಡಿತು. ಸಾದಿಕನ ತಕ್ಕಡಿಯ ಮೇಲೂ ಒಂದು ಚಿಟಿಕೆ ಉದುರಿಸಿದಳು. ಆಮೇಲೆ ಪಾತ್ರೆ ಹಿಡಿದು ಬೀದಿಯುದ್ದಕ್ಕೂ ಹೋದಳು. ಪಂಚಾಕ್ಷರಪ್ಪನವರ ಕಾರು ಮಾತ್ರ ಎರಡು ಸಲ ಇಸಕೊಂಡಿತು.

ತಿರುಗಿ ಬಂದವಳು ಮಿಕ್ಸಿಯೊಳಗಿನ ಪುಡಿಯನ್ನು ಬೆರಳಲ್ಲಿ ನೆಕ್ಕಿ ನೋಡಿದಳು.

"ತರಿತರಿ ಹದವಾಗೇ ಬಂದಿದೆ," ಅಂದಳು ಒಲ್ಲದ ಮನಸ್ಸಿನಿಂದ. "ಸರಿ, ಅಜ್ಜ ಉಳೀಲಿ. ಆದ್ರೆ ಕೋಣೆ ನಂದು! ನಾನೂ ಬಿಡಲ್ಲ!"

"ಅಜ್ಜನೂ ಪತ್ರಿಕೆಗಳೂ ಬೇರೆಯಾಗೋದಕ್ಕೆ ನಾನೂ ಬಿಡಲ್ಲ!" ತಿಪ್ಪೇಶಣ್ಣ ಪತ್ರಿಕೆಗಳ ಕಟ್ಟನ್ನು ಅಪ್ಪಿ ನಿಂತರು.

"ನನಗಂತೂ ಬೇಡ," ಸಾದಿಕ್ ತಕ್ಕಡಿ ಎತ್ತಿಕೊಂಡ. "ಪ್ರಸಾದ ತಿಂದ ತಕ್ಕಡಿಯಲ್ಲಿ ಇವನ್ನ ತೂಗಿದ್ರೆ ನನಗೆ ಒಳ್ಳೇದಾಗಲ್ಲಮ್ಮ."

ನಾನು ಎದ್ದು ನಿಂತೆ. "ಮಂಗಳ ಕಲಿತ ಮೇಲೆ ಅದು ನಮ್ಮ ಮಂಡಳಿದು. ಪತ್ರಿಕೆ ಸಮೇತ ಭಜನಾ ಮಂದಿರಕ್ಕೆ ಬರಲಿ. ಯಾರು ಬೇಡ ಅಂತಾರೋ ನೋಡ್ತೀನಿ!"

ಯಾರೂ ಬೇಡ ಅನ್ನಲಿಲ್ಲ. ಅಜ್ಜ ಈಗ ಹಾರ್ಮೋನಿಯಮ್ಮಿನ ಪಕ್ಕದಲ್ಲಿದ್ದಾನೆ. ತಿಪ್ಪೇಶಣ್ಣ ಅಲ್ಲೇ ಕೂತು ಪತ್ರಿಕೆ ಬಿಡಿಸಿ ಒಂದೊಂದೇ ಸಾಲು ಒತ್ತುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಬೀದಿಯ ಯಂತ್ರಗಳೆಲ್ಲ ಹಾಡುತ್ತವೆ, ಬಾಯಿ ತೆರೆಯುತ್ತವೆ, ಮುಚ್ಚಿಕೊಳ್ಳುತ್ತವೆ.

ಹೋದ ವಾರ ಕಾರಿನ ಕಂಪನಿಯಿಂದ ಎಂಜಿನಿಯರ್ ಒಬ್ಬ ಲ್ಯಾಪ್‌ಟಾಪ್ ಹಿಡಿದು ಬಂದ. ಸಂಜೆಯವರೆಗೆ ಪರೀಕ್ಷೆ ಮಾಡಿ, ಇದು ವಾರಂಟಿಯಲ್ಲಿ ಬರೋದಿಲ್ಲ ಅಂದ. ಹೊರಡುವಾಗ ಅವನ ಲ್ಯಾಪ್‌ಟಾಪು ಎಷ್ಟು ಮುಚ್ಚಿದರೂ ತೆರೆದುಕೊಳ್ಳುತ್ತಿತ್ತು. ಅತಿಥಿ ಅಂತ ಅದಕ್ಕೆ ಒಂದು ಹಿಡಿ ಜಾಸ್ತಿಯೇ ಹಾಕಿ ಕಳಿಸಿದೆವು.