ಎಂಟರ ಜೋಡಿ ಮತ್ತು ನನ್ನ ಮಗನ ಹೆಸರು

ನನ್ನ ಮಗನಿಗೆ ವಿಹಾನ್ ಎಂದೇ ಹೆಸರಾಗುತ್ತದೆ ಎಂಬುದರಲ್ಲಿ ನನಗೆ ಲವಲೇಶವೂ ಅನುಮಾನವಿರಲಿಲ್ಲ. ಅನುಮಾನಕ್ಕೆ ಜಾಗವೇ ಉಳಿಯದಂತೆ ಹತ್ತೊಂಬತ್ತು ದಿನ ತಯಾರಿ ನಡೆಸಿದ್ದೆ. ಎಲ್ಲವೂ ನನ್ನ ಜೇಬಿನ ನೀಲಿ ಪುಸ್ತಕದಲ್ಲಿ ದಿನವಾರು ನಮೂದಾಗಿದೆ.

ಮೊದಲು ಸಮಸ್ಯೆ ಹೇಳುತ್ತೇನೆ. ನನ್ನ ಹೆಸರು ಕೊಟ್ರೇಶ. ಕೊಟ್ಟೂರಿನಲ್ಲಿರುವ ನನ್ನ ಮಾವನ ಹೆಸರೂ ಕೊಟ್ರೇಶ. ಊರ ದೇವರ ಹೆಸರೇ ಅದಾದ್ದರಿಂದ, ಅವರ ಮನೆಯ ಬಾಗಿಲಲ್ಲಿ ನಿಂತು "ಕೊಟ್ರೇಶಾ" ಎಂದು ಒಮ್ಮೆ ಕೂಗಿದರೆ ಓಣಿಯಲ್ಲಿ ಆರು ಜನ "ಓ" ಎನ್ನುತ್ತಾರೆ. ಇದು ಅಂದಾಜಲ್ಲ. ಎಣಿಸಿದ್ದೇನೆ! ಏಳನೆಯವನಾಗಿ ನನ್ನ ಮಗ ಸೇರಬಾರದು ಎಂಬುದು ನನ್ನ ಪಟ್ಟು. ಆದರೆ ನಮ್ಮಲ್ಲಿ ತೊಟ್ಟಿಲ ಕಾರ್ಯದ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅಂದರೆ ಹರಪನಹಳ್ಳಿಗೆ ಕೊಟ್ಟಿರುವ ನನ್ನ ಅಕ್ಕ ಗಿರಿಜೆಯದು.

"ಕೊಟ್ರೇಶ ಅಂತಲೇ ಇಡತೀನಿ," ಎಂದಳು ಅಕ್ಕ ಫೋನಿನಲ್ಲಿ. "ಆ ಹೆಸರಿಟ್ಕೊಂಡು ನಿಂಗೇನು ಕಮ್ಮಿ ಆಗೈತಿ?"

"ಕಾಲ ಬದಲಾಗೈತಿ ಅಕ್ಕಾ."

"ಹಂಗಾರ ಮೂರೆಲಿ ಆಡು ಬಾ. ನೀ ಗೆದ್ರ ನೀ ಹೇಳಿದ ಹೆಸರು. ನಾ ಗೆದ್ರ ತುಟಿ ಪಿಟಕ್ ಅನಬಾರ್ದು."

ತಕ್ಷಣ ಒಪ್ಪಿಕೊಂಡೆ. ಅಕ್ಕನ ಆಟಕ್ಕೆ ಯಾವ ಪದ್ಧತಿಯೂ ಇಲ್ಲ ಎಂಬುದು ನನಗೆ ಗೊತ್ತಿತ್ತು.

ಮೂರೆಲೆ ಗೊತ್ತಿಲ್ಲದವರಿಗೆ ಇಷ್ಟು ತಿಳಿದರೆ ಸಾಕು. ತಲಾ ಮೂರು ಇಸ್ಪೀಟೆಲೆ. ಎಲೆ ಒಳ್ಳೆಯದೆನಿಸಿದರೆ ಪಣ ಹಾಕುತ್ತಾ ಹೋಗಬೇಕು, ಇಲ್ಲವಾದರೆ ಎಲೆ ಎಸೆದು ಹಾಕಿದ್ದನ್ನು ಬಿಟ್ಟುಕೊಡಬೇಕು. ಮೂರು ರಾಜ ಬಂದರೆ ಯೋಚನೆ ಬೇಡ. ಏನೂ ಬರದಿದ್ದರೂ ಯೋಚನೆ ಬೇಡ. ಮನುಷ್ಯನ ಪ್ರಾಣ ತಿನ್ನುವುದು ನಡುವಿನ ಜೋಡಿ. ಎರಡು ಏಳು, ಎರಡು ಎಂಟು, ಎರಡು ಒಂಬತ್ತು. ಎಸೆಯಲು ಮನಸ್ಸಿಲ್ಲ, ಹಿಡಿಯಲು ಧೈರ್ಯವಿಲ್ಲ!

ಆದ್ದರಿಂದ ನನ್ನ ಸಂಶೋಧನೆಯೆಲ್ಲ ನಡುವಿನ ಜೋಡಿಯ ಮೇಲೆಯೇ ನಡೆಯಿತು. ಹೆಂಡತಿ ಸುನೀತಾ ಬಾಣಂತನಕ್ಕೆ ಕೊಟ್ಟೂರಿನ ತವರಿಗೆ ಹೋಗಿದ್ದಳು. ಹಗರಿಬೊಮ್ಮನಹಳ್ಳಿಯ ಮನೆಯಲ್ಲಿ ನಾನು ಮತ್ತು ಒಂದು ದಿಂಬು. ದಿಂಬನ್ನು ಗೋಡೆಗೆ ಆನಿಸಿ ಕೂರಿಸಿ, ಅದಕ್ಕೆ ಮೂರು ಎಲೆ, ನನಗೆ ಮೂರು ಎಲೆ ಹಾಕಿ, ಮುನ್ನೂರ ನಲವತ್ತು ಆಟ ಆಡಿದೆ. ಇನ್ನೂರ ಹನ್ನೊಂದು ಗೆದ್ದೆ. ಆರರಿಂದ ಹತ್ತರವರೆಗೆ ಪ್ರತಿ ಜೋಡಿಗೂ ನೀಲಿ ಪುಸ್ತಕದಲ್ಲಿ ಒಂದೊಂದು ಪುಟ. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ನಿಯಮ: "ಎದುರಾಳಿ ಒಮ್ಮೆ ಏರಿಸಿದರೆ ಹಿಡಿ. ಎರಡು ಸಲ ಏರಿಸಿದರೆ ಎಸೆ."

ತೊಟ್ಟಿಲ ಕಾರ್ಯದ ಹಿಂದಿನ ದಿನ, ಮಧ್ಯಾಹ್ನ ಎರಡು ಗಂಟೆಗೆ, ಕೊಟ್ಟೂರಿನ ಮಾವನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಲಾಯಿತು. ಅಕ್ಕನಿಗೆ ಐವತ್ತು ಹುಣಸೆ ಬೀಜ, ನನಗೆ ಐವತ್ತು. ಬೀಜ ಖಾಲಿಯಾದವರು ಸೋತಂತೆ. ಎಲೆ ಹಂಚಲು ಮಾವ. ಬಾಗಿಲ ಬಳಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡ ಸುನೀತಾ.

ಮೊದಲ ಆಟಕ್ಕೇ ಏಳರ ಜೋಡಿ. ಕೂಡಲೇ ಬೆರಳಿಗೆ ಎಂಜಲು ಹಚ್ಚಿ ಏಳರ ಪುಟ ತೆರೆದೆ. ಅಕ್ಕ ತನ್ನ ಎಲೆ ನೋಡುವ ಬದಲು ನನ್ನನ್ನೇ ನೋಡಿದಳು. ಏರಿಸಿದಳು. ಹಿಡಿದೆ. ಮತ್ತೆ ಏರಿಸಿದಳು. ನಿಯಮದಂತೆ ಎಸೆದೆ. ಆರು ಬೀಜ ಹೋದವು.

ಮೂರನೆಯ ಆಟಕ್ಕೆ ಒಂಬತ್ತರ ಜೋಡಿ. ಒಂಬತ್ತರ ಪುಟ ತೆರೆದೆ. ಎರಡು ಸಲ ಏರಿಸಿದಳು. ಎಸೆದೆ.

"ರೀ, ಆ ಬುಕ್ಕು ಬಿಡ್ರಿ," ಎಂದಳು ಸುನೀತಾ.

"ನೀ ಸುಮ್ನಿರು. ಇದು ಲೆಕ್ಕದ ಆಟ."

ಐದನೆಯ ಆಟದಲ್ಲಿ ದೇವರು ಕಣ್ಣು ಬಿಟ್ಟ. ಮೂರೂ ರಾಜ! ಪುಸ್ತಕದ ಅಗತ್ಯವೇ ಇರಲಿಲ್ಲ. ಅದನ್ನು ಜೇಬಿಗೆ ಸೇರಿಸಿ, ಮುಖ ಗಂಟಿಕ್ಕಿ, ಗಂಭೀರವಾಗಿ ಕುಳಿತೆ. ಅಕ್ಕ ನನ್ನ ಜೇಬು ನೋಡಿದಳು. ಎಲೆ ಎಸೆದಳು.

"ಯಾಕಕ್ಕಾ?"

"ಯಾಕೋ ಈ ಎಲಿ ನಂಗ ಸೇರವಲ್ದು," ಎಂದಳು.

ಮೂರು ರಾಜರು ಗಳಿಸಿಕೊಟ್ಟದ್ದು ಒಂದು ಬೀಜ!

ನಾಲ್ಕು ಗಂಟೆಯ ಹೊತ್ತಿಗೆ ನನ್ನ ದಾಖಲೆ ಹೀಗಿತ್ತು: ನಡುವಿನ ಜೋಡಿ ಬಂದದ್ದು ಏಳು ಸಲ, ಏಳು ಸಲವೂ ಅಕ್ಕ ಎರಡೆರಡು ಬಾರಿ ಏರಿಸಿದಳು. ದೊಡ್ಡ ಎಲೆ ಬಂದದ್ದು ನಾಲ್ಕು ಸಲ, ನಾಲ್ಕು ಸಲವೂ ಅಕ್ಕ ಎಸೆದಳು. ಸುನೀತಾ "ಬುಕ್ಕು ಬಿಡ್ರಿ" ಎಂದದ್ದು ಎರಡು ಸಲ. ಇಷ್ಟು ಸ್ಪಷ್ಟವಾದ ಅಂಕಿ ಅಂಶ ಕಂಡು ನಾನು ಒಂದೇ ತೀರ್ಮಾನಕ್ಕೆ ಬಂದೆ. ಬರೆದೆ: "ಅಕ್ಕನ ಅದೃಷ್ಟ ಅಸಾಧಾರಣ."

ನನ್ನ ಮುಂದೆ ಉಳಿದದ್ದು ಹನ್ನೊಂದು ಬೀಜ.

ಮಾವ ಎಲೆ ಹಂಚಿದರು. ಒಂದೊಂದಾಗಿ ಎತ್ತಿದೆ. ಎಂಟು. ರಾಜ. ಮೂರನೆಯದನ್ನು ಅಂಚಿನಿಂದ ಇಷ್ಟಿಷ್ಟೇ ಸರಿಸಿದೆ. ಎಂಟು!

ಕೈ ತಾನಾಗಿ ಜೇಬಿಗೆ ಹೋಯಿತು. ಎಂಟರ ಪುಟ ತೆರೆದೆ.

ಅಕ್ಕ ಎರಡು ಬೀಜ ಹಾಕಿದಳು. ನಾನೂ ಎರಡು ಹಾಕಿದೆ. ಅಕ್ಕ ನಾಲ್ಕಕ್ಕೆ ಏರಿಸಿದಳು. ನಾಲ್ಕು ಹಾಕಿದೆ. ಉಳಿದವು ಐದು. ಅಕ್ಕ ಬಳೆ ಹಿಂದಕ್ಕೆ ಸರಿಸಿ, ಒಂದು, ಎರಡು, ಮೂರು, ನಾಲ್ಕು, ಐದು ಎಂದು ಬೀಜ ಜೋಡಿಸಿ ಮುಂದಕ್ಕೆ ತಳ್ಳಿದಳು.

"ಏನ್ ಮಾಡ್ತೀಯಪ್ಪಾ?"

ಎರಡು ಸಲ ಏರಿಕೆ. ನಿಯಮ ಸ್ಪಷ್ಟವಾಗಿತ್ತು: ಎಸೆ. ಆದರೆ ಎಸೆದರೆ ಐದು ಬೀಜದಲ್ಲಿ ಏನು ಸಾಧಿಸಲಿ? ಬೆವರು ಮೂಗಿನ ತುದಿಯಿಂದ ಎಂಟರ ಪುಟದ ಮೇಲೆ ಬಿತ್ತು. ಕೆಂಪು ಶಾಯಿ ಹರಡಿತು. ಕೂಸಿನ ಮುಖ ನೋಡಿದೆ. ಶಾಲೆಯ ಹಾಜರಿಯಲ್ಲಿ "ಕೊಟ್ರೇಶ" ಎಂದ ಕೂಡಲೇ ಎದ್ದು ನಿಲ್ಲುವ ಅರ್ಧ ತರಗತಿ ಕಣ್ಣ ಮುಂದೆ ಬಂತು.

"ಅಳಿಯಂದ್ರೇ, ಸಂಜಿ ಆತು," ಎಂದರು ಮಾವ.

"ರೀ, ಇನ್ನಾದ್ರೂ ಆ ಬುಕ್ಕು ಬಿಡ್ರಿ," ಎಂದಳು ಸುನೀತಾ.

ಬಿಟ್ಟೆ! ಹತ್ತೊಂಬತ್ತು ದಿನಗಳ ಸಂಶೋಧನೆಯನ್ನು ಮಡಚಿ ಚಾಪೆಯ ಮೇಲಿಟ್ಟು, ಜೀವನದಲ್ಲಿ ಮೊದಲ ಬಾರಿಗೆ ನಿಯಮ ಮೀರಿದೆ. ಐದೂ ಬೀಜ ತಳ್ಳಿದೆ.

"ತೋರ್ಸಕ್ಕಾ!"

ಅಕ್ಕ ಒಂದೊಂದೇ ಎಲೆ ತಿರುಗಿಸಿದಳು. ರಾಣಿ. ನಾಲ್ಕು. ರಾಣಿ.

ಕೂಸು ಒಮ್ಮೆ ಸೀನಿತು.

"ಹಂಗಾರ ಮೊದಲಿನ ಏಳು ಸಲಾನೂ ನಿಂಗ ರಾಣಿ ಬಂದಿದ್ವಾ?" ಎಂದೆ.

"ಎಲ್ಲಿ ರಾಣಿ? ಒಂದು ಸಲ ಎರಡು, ಐದು, ಒಂಬತ್ತು ಹಿಡ್ಕೊಂಡು ಏರಿಸೀನಿ."

"ಮತ್ತ ಧೈರ್ಯ ಹೆಂಗ ಬಂತು?"

"ಲೇ, ದೊಡ್ಡ ಎಲಿ ಬಂದ್ರ ಬುಕ್ಕು ಜೇಬಿನಾಗ ಇರತೈತಿ. ಏನೂ ಬರ್ಲಿಲ್ಲಂದ್ರ ಸೀದಾ ಎಸೀತಿ. ಬುಕ್ಕು ತೆಗದಿ ಅಂದ್ರ ನಡುವಿನ ಜೋಡಿ ಬಂದೈತಿ, ಅಷ್ಟ! ಎರಡು ಸಲ ಏರ್ಸಿದ್ರ ಓಡ್ತಿ. ಈ ಸಲ ಓಡಿದ್ರೂ ನಂದ, ನಿಂತ್ರೂ ನಂದ. ರಾಣಿ ಇದ್ವು."

ನಾನು ಮಾವನತ್ತ ತಿರುಗಿದೆ. ಮಾವ ಸೂರು ನೋಡುತ್ತಿದ್ದರು. ಅವರಿಗೂ ಗೊತ್ತಿತ್ತು! ಸುನೀತಾಳತ್ತ ತಿರುಗಿದೆ.

"ನೀನಾದ್ರೂ ಹೇಳಬಾರದಿತ್ತಾ?"

"ಬುಕ್ಕು ಬಿಡ್ರಿ ಅಂತ ಮೂರು ಸಲ ಹೇಳೀನಿ. ನೀವು ಅದನ್ನೂ ಬರ್ಕೊಂಡ್ರಿ!"

ಪುಸ್ತಕ ತೆರೆದು ನೋಡಿದೆ. ಹೌದು. ಅಂಚಿನಲ್ಲಿ ಎರಡು ಗೀಟು ಇದ್ದವು. ಮೂರನೆಯದನ್ನು ಎಳೆದು ಲೆಕ್ಕ ಸರಿ ಮಾಡಿದೆ. ಪಾಪ, ದಿಂಬು ನನ್ನ ಪುಸ್ತಕದತ್ತ ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಅಕ್ಕ ಕೂಸಿನ ಕಿವಿಗೆ ಬಾಯಿಟ್ಟು ಮೂರು ಸಲ "ಕೊಟ್ರೇಶ" ಎಂದಳು. ಹೆಸರಿಟ್ಟ ಅತ್ತೆಯ ಬೆನ್ನಿಗೆ ಗುದ್ದುವುದು ನಮ್ಮ ಸಂಪ್ರದಾಯ. ಹೆಂಗಸರ ನಡುವೆ ಕೈ ತೂರಿಸಿ, ಆ ಸಂಪ್ರದಾಯವನ್ನು ನಾನೂ ಶ್ರದ್ಧೆಯಿಂದ ಪಾಲಿಸಿದೆ.

ಇದರಲ್ಲಿ ಸುನೀತಾಳಿಗೆ ಮಾತ್ರ ಭಾರಿ ಲಾಭವಾಯಿತು. ಗಂಡನ ಹೆಸರು ಹೇಳಬಾರದೆಂದು ಇಷ್ಟು ದಿನ ನಾಲಿಗೆ ಕಚ್ಚಿಕೊಂಡಿದ್ದವಳು ಈಗ ನನ್ನ ಕಣ್ಣಲ್ಲಿ ಕಣ್ಣಿಟ್ಟು, "ಲೇ ಕೊಟ್ರೇಶಾ, ನಿಂಗ ಬುದ್ಧಿ ಯಾವಾಗ ಬರತೈತೋ!" ಎಂದು ಕೂಸಿಗೆ ಬಯ್ಯುತ್ತಾಳೆ.

ಗೊಂದಲವಾಗಬಾರದೆಂದು ಮನೆಯವರೆಲ್ಲ ಸೇರಿ ಒಂದು ವ್ಯವಸ್ಥೆ ಮಾಡಿದ್ದಾರೆ. ಮಾವ ದೊಡ್ಡ ಕೊಟ್ರೇಶ. ಕೂಸು ಸಣ್ಣ ಕೊಟ್ರೇಶ. ನಾನು ನಡುವಿನ ಕೊಟ್ರೇಶ.

ಹಿಡಿಯಬೇಕೋ ಎಸೆಯಬೇಕೋ ಎಂದು ಸುನೀತಾ ಇನ್ನೂ ತೀರ್ಮಾನಿಸಿಲ್ಲ.