ನೂರಕ್ಕೆ ನಲವತ್ತು

ಬೆಳಿಗ್ಗೆ ಏಳಕ್ಕೆ ಭರಮುವಿನ ಮೊಬೈಲಿಗೆ ಸಂದೇಶ ಬಂತು: ‘ಇಂದು ಸಂಜೆಯೊಳಗೆ ಸೇತುವೆಯ ಮೇಲೆ ನೀರು ಬರುವ ಸಾಧ್ಯತೆ ನೂರಕ್ಕೆ ನಲವತ್ತು.’

ಭರಮು ಯಡೂರಿನ ಆಚೆ, ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ ಪಂಚಾಯ್ತಿಯ ವಾಟರ್‌ಮನ್. ನಳಕ್ಕೆ ನೀರು ಬಿಡುವುದಷ್ಟೇ ಅವನ ಕೆಲಸವಾಗಿತ್ತು. ಹಿಂದಿನ ವರ್ಷ, ಅಂದರೆ ೨೦೧೫ರ ಮಳೆಗಾಲದಲ್ಲಿ, ಯಾವುದೋ ಸಂಸ್ಥೆಯವರು ಅವನ ಕೈಗೊಂದು ಮೊಬೈಲು ಕೊಟ್ಟು ಹೊಳೆಯ ಹೊಣೆಯನ್ನೂ ಹೊರಿಸಿ ಹೋಗಿದ್ದರು. “ನೀರು ಬರ್ತದೆ, ಬರಲ್ಲ ಅಂತ ನೀವು ಹೇಳಬೇಡಿ. ಅಂಕಿ ಹೇಳಿ ಸಾಕು. ತೀರ್ಮಾನ ಜನ ಮಾಡಲಿ” ಎಂದು ತರಬೇತಿಗೆ ಬಂದ ಎಂಜಿನಿಯರು ಬಿಡಿಸಿ ಹೇಳಿದ್ದ. ಭರಮು ದಿನಾ ಪಂಚಾಯ್ತಿಯ ಹಲಗೆಯ ಮೇಲೆ ಅಂಕಿ ಬರೆದು, ಕೈಯ ಸೀಮೆಸುಣ್ಣ ಝಾಡಿಸಿ, ಚಹಾಕ್ಕೆ ಹೋಗುತ್ತಿದ್ದ.

ಇಂದು ಚಹಾಕ್ಕೆ ಹೋಗದೆ ನೇರ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಚೊಚ್ಚಲ ಹೆರಿಗೆಗೆಂದು ಬಂದ ಮಗಳು ನೀಲಮ ಒಳಗೆ ಮಲಗಿದ್ದಳು. ಸರ್ಕಾರಿ ದವಾಖಾನೆ ಸೇತುವೆಯ ಆಚೆ. ಅಲ್ಲಿನ ಡಾಕ್ಟರ್ ಉಜ್ವಲಾ ಮೇಡಂ, “ಹದಿನೈದನೇ ತಾರೀಖು ಹಿಡೀರಿ. ಎಂಟ ದಿನ ಹಿಂದ, ಎಂಟ ದಿನ ಮುಂದ. ಬಿಪಿ ಸ್ವಲ್ಪ ಏರೇತಿ, ಮನ್ಯಾಗ ಮಾತ್ರ ಹೆರಿಗಿ ಬ್ಯಾಡ” ಎಂದಿದ್ದರು. ಇಂದು ಹತ್ತನೇ ತಾರೀಖು. ಈಗಲೇ ಹೋಗಿ ನೀರು ಬರದಿದ್ದರೆ, ಹದಿನೈದು ದಿನ ದವಾಖಾನೆಯ ಕಟ್ಟೆಯ ಮೇಲೆ ಕೂತು ನಗೆಪಾಟಲಾಗಬೇಕು. ಹೋಗದೆ, ನೀರು ಬಂದರೆ? ಆ ಯೋಚನೆಯನ್ನು ಅವನು ಪೂರ್ತಿ ಮಾಡಲಿಲ್ಲ.

ಡಾಕ್ಟರನ್ನೇ ಕೇಳೋಣವೆಂದು ಫೋನು ಹಚ್ಚಿದ. ಹತ್ತಲಿಲ್ಲ. ಅಷ್ಟರಲ್ಲಿ ನೆರೆಮನೆಯ ಕಾಮಣ್ಣ, ಬಸ್ ಕಂಡಕ್ಟರಿಕೆಯಿಂದ ನಿವೃತ್ತನಾದವನು, ಕರೆಯದಿದ್ದರೂ ಬಂದು ಕಟ್ಟೆ ಏರಿದ.

“ಎಷ್ಟ ಬಂದಾವಲೇ ಭರಮ್ಯಾ?”

“ನಲವತ್ತ ರಿ, ಕಾಕಾ.”

“ಮೂವತ್ತೈದಕ್ಕ ಪಾಸು. ನಿನ್ನ ಹೊಳಿ ಪಾಸಾಗಿ ಮ್ಯಾಲ ಐದು ಮಾರ್ಕ್ಸ್ ತಗೊಂಡೈತಿ. ನೀರು ಬರೂದು ಖಾತ್ರಿ!”

ಹಾಲಿನ ಟೆಂಪೋದ ಧನಪಾಲ ಬಾಗಿಲಲ್ಲೇ ನಿಂತು ತಲೆ ಅಲ್ಲಾಡಿಸಿದ. “ಏನ್ ಹೇಳ್ತೀರಿ ಕಾಕಾ? ಬರೂದು ನಲವತ್ತು, ಬರದಿರೂದು ಅರವತ್ತು. ಇಲೆಕ್ಷನ್‌ನ್ಯಾಗ ಆದ್ರ ಯಾರು ಆರಿಸಿ ಬರ್ತಾರ?”

“ಇಬ್ರೂ ತಪ್ಪು” ಎಂದಳು ಹಿಂದಿನ ಓಣಿಯ ಸಕ್ಕುಬಾಯಿ, ಸೇತುವೆಯತ್ತ ಕೈ ತೋರಿಸಿ. “ಪೂಲಿನ ನೂರು ಫೂಟಿನ್ಯಾಗ ನಲವತ್ತು ಫೂಟು ಮುಳಗತೈತಿ. ಉಳಿದದ್ದರ ಮ್ಯಾಲ ನಡಕೊಂಡು ಹೋಗಬೋದು.”

ಮೂವರೂ ಭರಮುವಿನ ಮುಖ ನೋಡಿದರು. ಯಾರ ಮಾತು ಸರಿ ಎಂದು ಅವನು ಹೇಳಬೇಕಿತ್ತು. ಅವನಾದರೋ ಸಂತೆಯಲ್ಲಿ ಎರಡೂ ಕಡೆಯಿಂದ ಹಗ್ಗ ಜಗ್ಗಿಸಿಕೊಂಡ ಎತ್ತಿನಂತೆ ನಿಂತಿದ್ದ. ಒಳಗಿನಿಂದ ಹೆಂಡತಿ ಅಕ್ಕುತಾಯಿ ಬಂದು ಒಂದೇ ಮಾತು ಕೇಳಿದಳು:

“ಅಂಕಿ ಹಾಳಾಗ್ಲಿ. ನಿಮ್ಮ ಜೀವ ಏನ್ ಅಂತೈತ್ರಿ?”

ಭರಮು ಮತ್ತೆ ಮೊಬೈಲನ್ನೇ ತೆಗೆದು ನೋಡಿದ. ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು.

ಹನ್ನೆರಡಕ್ಕೆ ಮತ್ತೆ ಸಂದೇಶ ಬಂತು. ನೂರಕ್ಕೆ ಅರವತ್ತೈದು. ಭರಮು ಓದಿದವನೇ ಎದ್ದುನಿಂತ. “ಧನಪಾಲ, ಗಾಡಿ ತಗಿ.”

ಟೆಂಪೋದಿಂದ ಹಾಲಿನ ಕ್ಯಾನುಗಳನ್ನು ಇಳಿಸಿ, ಗಾದಿ ಹಾಸಿ ನೀಲಮನನ್ನು ಮಲಗಿಸಿದರು. ಅಕ್ಕುತಾಯಿ ಬಟ್ಟೆಯ ಗಂಟು, ಬಾಣಂತಿಗೆಂದು ಕೂಡಿಟ್ಟ ಕೊಬ್ಬರಿ, ಉತ್ತತ್ತಿ, ಒಂದು ತಾಮ್ರದ ಹಂಡೆ ಎಲ್ಲವನ್ನೂ ಏರಿಸಿದಳು. ಈ ಹಂಡೆಯೇ ಕೆಲಸ ಕೆಡಿಸಿತು. ವಾಟರ್‌ಮನ್ನನೇ ಹಂಡೆ ಸಮೇತ ಊರು ಬಿಡುತ್ತಿದ್ದಾನೆಂದ ಮೇಲೆ ಹಲಗೆಯ ಅಂಕಿ ಯಾರಿಗೆ ಬೇಕು? ಹತ್ತು ನಿಮಿಷದೊಳಗೆ ಊರಿನ ಎಮ್ಮೆಗಳೆಲ್ಲ ಕೊಟ್ಟಿಗೆಯಿಂದ ಹೊರಬಿದ್ದವು. ಆಚೆಯ ಎತ್ತರದ ನೆಲಕ್ಕೆ ಮೊದಲು ತನ್ನ ದನವೇ ಮುಟ್ಟಬೇಕೆಂದು ಒಬ್ಬೊಬ್ಬರೂ ಓಡಿಸತೊಡಗಿದರು.

ಟೆಂಪೋ ಸೇತುವೆಯ ನಡುವಿಗೆ ಬಂದಾಗ ಮುಂದೆ ಎಮ್ಮೆ, ಹಿಂದೆ ಎಮ್ಮೆ. ಕೆಂಪು ನೀರು ಸೇತುವೆಯ ಅಂಚಿಗಿಂತ ಒಂದು ಮೊಳ ಕೆಳಗೆ ಭೋರೆನ್ನುತ್ತಿತ್ತು. ಎದುರಿನಿಂದ ಒಂದು ಜೀಪು ಹಾರ್ನು ಹೊಡೆಯುತ್ತ ಬಂದು ಎಮ್ಮೆಗಳ ನಡುವೆ ಸಿಕ್ಕಿಬಿತ್ತು. ಅದರ ಗಾಜುಗಳೆಲ್ಲ ಮಂಜಾಗಿ ಒಳಗಿದ್ದವರು ಕಾಣುತ್ತಿರಲಿಲ್ಲ.

“ಆ ಜೀಪು ಈ ಕಡೆ ದಾಟೂತನಾ ನಮ್ಮ ಗಾಡಿ ಅಲ್ಲಾಡಂಗಿಲ್ಲ” ಎಂದ ಧನಪಾಲ.

ಭರಮು ಗೋಣಿತಟ್ಟಿನ ಕೊಪ್ಪೆ ಹೊದ್ದು ಕೆಳಗೆ ಹಾರಿದ. ಎಮ್ಮೆಗಳ ಕೋಡು ಹಿಡಿದು, ಬಾಲ ತಿರುವಿ, ಕೊರಳು ಹರಿಯುವಂತೆ ಕೂಗಿ, ಅರ್ಧ ತಾಸು ಒದ್ದಾಡಿ ಜೀಪಿಗೆ ದಾರಿ ಮಾಡಿಕೊಟ್ಟ. “ಲಗೂ ಹೋಗ್ರಿ, ಲಗೂ!” ಎಂದು ಅದರ ಬೆನ್ನಿಗೆರಡು ಪೆಟ್ಟೂ ಹಾಕಿದ. ಜೀಪು ಊರಿನತ್ತ ಓಡಿತು. ಟೆಂಪೋ ಆಚೆ ದಂಡೆ ಹತ್ತಿತು. ತಿರುಗಿ ನೋಡಿದರೆ ಸೇತುವೆಯ ಮೇಲೆ ತೆಳ್ಳಗೆ ನೀರು ಹರಿಯುತ್ತಿತ್ತು. ಭರಮುವಿಗೆ ಎದೆ ತುಂಬಿ ಬಂತು. ಬದುಕಿನಲ್ಲಿ ಒಂದೇ ಒಂದು ಸಲ ಸರಿಯಾದ ಹೊತ್ತಿಗೆ ಸರಿಯಾದ ಕೆಲಸ ಮಾಡಿದ್ದ.

ದವಾಖಾನೆಯ ಮೆಟ್ಟಿಲೇರುವಾಗಲೇ ನೀಲಮ ಸೊಂಟ ಹಿಡಿದು “ಅವ್ವಾ” ಎಂದಳು. ಆಯಾ ಗಿರಿಜವ್ವ ಹೊರಗೆ ಬಂದಳು. ಭರಮುವನ್ನು ಕಂಡು ಅವಳ ಕೈ ಬಾಯಿಗೆ ಹೋಯಿತು.

“ಅಯ್ಯ, ನೀವ್ಯಾಕ ಇಲ್ಲಿ ಬಂದ್ರಿ? ಡಾಕ್ಟರ್ ಬಾಯಿ ನಿಮ್ಮ ಮನೀಗೇ ಹೋಗ್ಯಾರಲ್ರೀ!”

“ನಮ್ಮ ಮನೀಗೆ?”

“ಅವರ ಮೊಬೈಲಿಗೂ ಅದ ಮೆಸೇಜ್ ಬರ್ತೈತಿ. ಪೂಲ್ ಮುಳುಗಿದ್ರ ಆ ಹುಡುಗಿ ಅಲ್ಲೇ ಸಿಗಬೀಳ್ತಾಳ, ಅಕಿ ಬಿಪಿ ಬ್ಯಾರೆ ಏರೇತಿ ಅಂತ ನರ್ಸ್‌ನ, ಔಷಧದ ಡಬ್ಬಿನ, ಎಲ್ಲಾ ಜೀಪಿನ್ಯಾಗ ಹಾಕ್ಕೊಂಡು ಹ್ವಾದ್ರು. ನಿಮಗ ಭೆಟ್ಟಿ ಆಗಲಿಲ್ಲೇನ್ರಿ?”

ಭೆಟ್ಟಿ ಆಗಿತ್ತು. ದಾರಿ ಬಿಡಿಸಿ ಕಳಿಸಿದ್ದೇ ಅವನು.

ನಡುವಿಗೆ ಸಿಕ್ಕಿಸಿದ್ದ ಮೊಬೈಲನ್ನು ಪ್ಲಾಸ್ಟಿಕ್ ಚೀಲದಿಂದ ಹೊರತೆಗೆದ. ಮಳೆಯ ಸದ್ದಿನಲ್ಲಿ ಕೇಳಿಸದೆ ಹೋದ ಮೂರು ಕರೆಗಳು ಕಾದಿದ್ದವು. ಹಚ್ಚಿದ. ಉಜ್ವಲಾ ಮೇಡಂ ಎತ್ತಿದರು. ಅವರು ಅವನದೇ ಪಡಸಾಲೆಯಲ್ಲಿ ಕೂತಿದ್ದರು. ಹಿಂದೆ ಕಾಮಣ್ಣ ಏನೋ ಸಲಹೆ ಕೊಡುವುದು ಕೇಳಿಸುತ್ತಿತ್ತು. ಭರಮು ನಡೆದದ್ದನ್ನು ಹೇಳಿದ. ಸೇತುವೆ ಮುಳುಗಿತ್ತು, ಮೇಡಂ ಈಚೆ ಬರುವಂತಿರಲಿಲ್ಲ. ಗಿರಿಜವ್ವ ನೀಲಮನ ಹೊಟ್ಟೆ ಮುಟ್ಟಿ ನೋಡಿ, “ಚಿಕ್ಕೋಡಿ ದೊಡ್ಡ ದವಾಖಾನಿ ಮುಟ್ಟೂತನಾ ತಡೀತೈತಿ ಅನ್ನಂಗಿಲ್ರಿ. ದಾರ್ಯಾಗ ಆಗೂಕಿಂತ ಇಲ್ಲೇ ಛಲೋ” ಎಂದಳು. ಅವಳು ಮೂವತ್ತು ವರ್ಷ ಡಾಕ್ಟರುಗಳ ಪಕ್ಕ ನಿಂತು ನೋಡಿದವಳು. ಪಕ್ಕದಲ್ಲಿ ಡಾಕ್ಟರಿಲ್ಲದೆ ಎಂದೂ ನಿಂತವಳಲ್ಲ.

“ಫೋನು ಗಿರಿಜವ್ವನ ಕಡೆ ಕೊಡ್ರಿ, ಸ್ಪೀಕರ್ ಹಚ್ರಿ. ನಾ ಒಂದೊಂದ ಹೇಳ್ತೀನಿ, ಅಕಿ ಹಂಗ ಮಾಡ್ತಾಳ” ಎಂದರು ಮೇಡಂ.

ಭರಮು ಫೋನು ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡ.

“ಮೇಡಂ, ಎಲ್ಲಾ ಸುಸೂತ್ರ ಆಗ್ತೈತ್ರ್ಯಾ? ನೂರಕ್ಕ ಎಷ್ಟ?”

ಹೊಳೆಯ ಆಚೆಯ ಮಳೆ ಫೋನಿನಲ್ಲಿ ಕೇಳುತ್ತಿತ್ತು.

“ನೂರಕ್ಕ ನೂರ, ಭರಮಣ್ಣ.”

ಅಂಥ ಅಂಕಿ ಈ ಮೊಬೈಲಿಗೆ ಒಂದು ದಿನವೂ ಬಂದಿರಲಿಲ್ಲ. ಬರುವುದಿಲ್ಲವೆಂದು ಎಂಜಿನಿಯರೂ ಹೇಳಿದ್ದ. ಆದರೂ ಭರಮು ಮರುಮಾತಾಡದೆ ಫೋನನ್ನು ಗಿರಿಜವ್ವನ ಕೈಗಿಟ್ಟು ಹೊರಗೆ ಬಂದು ಕೂತ.

ಸಂಜೆ ಐದೂವರೆಗೆ ಒಳಗಿನಿಂದ ಮಗುವಿನ ಅಳು ಕೇಳಿತು. ಸ್ವಲ್ಪ ಹೊತ್ತಿಗೆ ಅಕ್ಕುತಾಯಿ ಹೊರಬಂದು, “ಹೆಣ್ಣು. ಇಬ್ರೂ ಆರಾಮ ಅದಾರು” ಎಂದು ಫೋನನ್ನು ಅವನಿಗೆ ಕೊಟ್ಟಳು. ಕರೆ ಇನ್ನೂ ನಡೆದೇ ಇತ್ತು.

“ಮೇಡಂ, ಈಗರೇ ಖರೇ ಹೇಳ್ರಿ. ಆಗ ಎಷ್ಟಿತ್ರಿ?”

ಆ ಕಡೆ ಡಾಕ್ಟರ್ ಉಜ್ವಲಾ ಮೇಡಂ ಅಳುತ್ತಿದ್ದರು.

ಆಗ ಭರಮು ಎರಡೂ ಕೈಯಲ್ಲಿ ಗೋಡೆ ಹಿಡಿದ. ಅಕ್ಕುತಾಯಿ ಗಾಬರಿಯಾಗಿ ಅವನ ರಟ್ಟೆ ಹಿಡಿದಳು.

“ಎಲ್ಲಾ ಮುಗದೈತಿ. ಈಗ್ಯಾಕ ಗ್ವಾಡಿ ಹಿಡದ್ರಿ?”

“ಈಗ ಲೆಕ್ಕ ತಿಳೀತು” ಎಂದು ಭರಮು ಅಲ್ಲೇ ಕೂತುಬಿಟ್ಟ.